ಐರನ್ ಸೈಟಾ, ರೆಡ್ ಡಾಟಾ? ಮೊದಲು ಕಣ್ಣು ಪರೀಕ್ಷೆ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಇವತ್ತು ಡಲ್ಲಾಸ್ ಊರಾಚೆಯ ಒಂದು ಶೂಟಿಂಗ್ ರೇಂಜ್‌ಗೆ ಬಂದಿದ್ದೇವೆ. ಮೇಜಿನ ಮೇಲೆ ಎರಡು ಎಆರ್-15 ರೈಫಲ್ ಕಾಣುತ್ತಿವೆ, ಅಲ್ವಾ? ಎರಡರ ನಳಿಗೆಯೂ 16 ಇಂಚು, ಎರಡಕ್ಕೂ ಹಾಕುವುದು ಅದೇ 5.56 ಮಿಲಿಮೀಟರ್ ಗುಂಡು. ಬೇರೆ ಇರುವುದು ಮೇಲ್ಗಡೆಯ ಸೈಟ್, ಅಂದರೆ ಗುರಿ ಹಿಡಿಯುವ ಸಾಧನ ಮಾತ್ರ. ಒಂದರ ಮೇಲೆ ಬರೀ ಐರನ್ ಸೈಟ್, ಅಂದರೆ ಲೋಹದ ತೂತು ಮತ್ತು ಕಡ್ಡಿ, ಇನ್ನೊಂದರ ಮೇಲೆ ರೆಡ್ ಡಾಟ್, ಅಂದರೆ ಗಾಜಿನೊಳಗೆ ಕೆಂಪು ಚುಕ್ಕೆ ಕಾಣುವ ಸೈಟ್.

ಹೊಸದಾಗಿ ರೈಫಲ್ ತಗೊಳ್ಳುವ ನಮ್ಮವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಯಾವುದು ಒಳ್ಳೆಯದು? ನಾನು ತಿರುಗಿ ಕೇಳುವುದು ಎರಡೇ ಮಾತು. ನಿಮ್ಮ ವಯಸ್ಸೆಷ್ಟು, ಕನ್ನಡಕದ ಚೀಟಿಯಲ್ಲಿ ಏನು ಬರೆದಿದೆ. ಬೆಲೆ, ಕಂಪನಿ, ಬ್ಯಾಟರಿ ಎಲ್ಲ ಆಮೇಲೆ. ಇವತ್ತು ಅದನ್ನೇ ತೋರಿಸುತ್ತೇನೆ.

ಅದಕ್ಕೂ ಮುಂಚೆ ಇಲ್ಲಿ ಅಮೆರಿಕದಲ್ಲಿ ಇರುವವರಿಗೆ ಒಂದು ಮಾತು. ಎಚ್-1ಬಿ ವೀಸಾ, ಸ್ಟೂಡೆಂಟ್ ವೀಸಾ, ಇಂಥದ್ದರಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇರುವವರಿಗೆ ಅಂತ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಫ್ರೆಂಡ್ ಕರೆದ ಅಂತ ಸುಮ್ನೆ ರೇಂಜ್‌ಗೆ ಹೋಗಿ ಕೈಗೆ ತಗೊಳ್ಳಬೇಡಿ. ಮೊದಲು ವಕೀಲರನ್ನು ಕೇಳಿ. ವೀಸಾ ಹೋದರೆ ಮತ್ತೆ ಬರುವುದು ಕಷ್ಟ.

ಸರಿ, ಈಗ ಐರನ್ ಸೈಟ್. ಕ್ಯಾಮೆರಾ ಹತ್ತಿರ ತಂದಿದ್ದೇನೆ, ನೋಡಿ. ಹಿಂದೆ ಒಂದು ತೂತು, ಮುಂದೆ ನಳಿಗೆಯ ಮೇಲೆ ಒಂದು ಕಡ್ಡಿ, ಅದರಾಚೆ ಗುರಿ. ಈ ಮೂರನ್ನೂ ಒಂದೇ ಸಾಲಿಗೆ ತರಬೇಕು. ತೊಂದರೆ ಏನಪ್ಪಾ ಅಂದರೆ ಮೂರೂ ಬೇರೆ ಬೇರೆ ದೂರದಲ್ಲಿವೆ, ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡಬಲ್ಲದು. ಹಾಗಾಗಿ ಕಲಿಸುವವರೆಲ್ಲ ಹೇಳುವುದು ಒಂದೇ: ಮುಂದಿನ ಕಡ್ಡಿಯ ತುದಿಯನ್ನು ನೋಡು. ತುದಿ ಚೂಪಾಗಿ ಕಾಣಬೇಕು, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ, ಹಿಂದಿನ ತೂತಿನ ಅಂಚು ಪೂರ್ತಿ ಮಸುಕಾದರೂ ಪರವಾಗಿಲ್ಲ. ತೂತಿನ ನಟ್ಟನಡುವೆ ಕಡ್ಡಿಯನ್ನು ಕೂರಿಸುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡಿಕೊಳ್ಳುತ್ತದೆ.

ಈ ತೂತು ಇದೆಯಲ್ಲ, ಇದು ನನಗೆ ತುಂಬಾ ಇಷ್ಟವಾದ ವಸ್ತು. ಕನ್ನಡಕ ಹಾಕುವವರು ಈಗಲೇ ಒಂದು ಪ್ರಯೋಗ ಮಾಡಿ. ಕನ್ನಡಕ ತೆಗೆದಿಟ್ಟು, ಮುಷ್ಟಿ ಹಿಡಿದು, ಬೆರಳ ಸಂದಿಯಲ್ಲಿ ಸೂಜಿ ಹೋಗುವಷ್ಟು ಜಾಗ ಮಾಡಿ, ಅದರ ಮೂಲಕ ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ. ಅಂಕಿಗಳು ಮೊದಲಿಗಿಂತ ಸ್ಪಷ್ಟವಾದವು, ಅಲ್ವಾ? ಸಣ್ಣ ತೂತಿನಿಂದ ಬೆಳಕು ಕಡಿಮೆ ಒಳಗೆ ಬರುತ್ತದೆ, ಬಂದ ಬೆಳಕು ಕಣ್ಣಿನ ಮಸೂರದ ನಡುಭಾಗದಿಂದ ಮಾತ್ರ ಹೋಗುತ್ತದೆ, ಹಾಗಾಗಿ ಹತ್ತಿರದ್ದೂ ದೂರದ್ದೂ ತಕ್ಕಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗುತ್ತವೆ. ಎಆರ್‌ನ ಎ2 ಅನ್ನುವ ಹಳೆಯ ಮಾದರಿಯ ಸೈಟ್‌ನಲ್ಲಿ ಎರಡು ತೂತುಗಳಿವೆ. ಹಗಲಿಗೆ, ದೂರಕ್ಕೆ ಸಣ್ಣದು. ಮಬ್ಬು ಬೆಳಕಿಗೆ, ಹತ್ತಿರಕ್ಕೆ ದೊಡ್ಡದು. ಬೆರಳಲ್ಲಿ ಮಗುಚಿದರೆ ಆಯಿತು.

ಐರನ್ ಸೈಟ್ ಅಂದರೆ ಹಳೇ ಕಾಲದ್ದು, ಅದರಲ್ಲಿ ದೂರ ಹೊಡೆಯೋಕೆ ಆಗಲ್ಲ ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಅಮೆರಿಕದ ಮರೀನ್ ಪಡೆಯವರು ದಶಕಗಳ ಕಾಲ ಇದೇ ತೂತು, ಇದೇ ಕಡ್ಡಿ ಇಟ್ಟುಕೊಂಡು 500 ಗಜದವರೆಗೆ ಗುರಿ ಹೊಡೆಯುವ ಪರೀಕ್ಷೆ ಕೊಟ್ಟಿದ್ದಾರೆ. ಒಹಾಯೋದ ಕ್ಯಾಂಪ್ ಪೆರಿಯಲ್ಲಿ 1907ರಿಂದ ದೇಶಮಟ್ಟದ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿ ಸರ್ವಿಸ್ ರೈಫಲ್, ಅಂದರೆ ಸೇನೆಯ ಮಾದರಿಯ ರೈಫಲ್ ವಿಭಾಗದಲ್ಲಿ ಸ್ಕೋಪ್‌ಗೆ (ದುರ್ಬೀನಿನಂಥ ಸೈಟ್‌ಗೆ) ಅವಕಾಶ ಕೊಟ್ಟಿದ್ದೇ 2016ರಲ್ಲಿ. ನಮ್ಮ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಇದೆಯಲ್ಲ, ಅದರಲ್ಲೂ ಸ್ಕೋಪ್ ಇಲ್ಲ, ರೆಡ್ ಡಾಟ್ ಇಲ್ಲ, ಹಿಂದೆ ತೂತು, ಮುಂದೆ ಬಳೆ. ಆ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಕಣ್ಣು ಚೆನ್ನಾಗಿದ್ದು, ಅಭ್ಯಾಸ ಇದ್ದರೆ ಐರನ್ ಸೈಟ್ ಯಾವುದಕ್ಕೂ ಕಡಿಮೆಯಲ್ಲ.

ಕಣ್ಣು ಚೆನ್ನಾಗಿದ್ದರೆ ಅಂದೆ. ನಲವತ್ತು ದಾಟಿದ ಮೇಲೆ ಹೆಚ್ಚಿನವರಿಗೆ ಹತ್ತಿರದ್ದು ಮಸುಕಾಗುತ್ತದೆ, ಪೇಪರ್ ಓದಲು ಕೈ ಚಾಚಬೇಕಾಗುತ್ತದೆ. ಮುಂದಿನ ಕಡ್ಡಿ ಇರುವುದೂ ಹೆಚ್ಚುಕಡಿಮೆ ಕೈ ಚಾಚಿದಷ್ಟೇ ದೂರದಲ್ಲಿ. ನೋಡು ನೋಡು ಅಂದರೂ ತುದಿ ಎರಡಾಗಿ ಕಾಣುತ್ತದೆ. ದೂರದ ಕನ್ನಡಕ ಹಾಕಿದರೆ ಕಡ್ಡಿ ಹೋಯಿತು, ಓದುವ ಕನ್ನಡಕ ಹಾಕಿದರೆ ಗುರಿ ಹೋಯಿತು.

ರೆಡ್ ಡಾಟ್ ಕೆಲಸಕ್ಕೆ ಬರುವುದು ಇಲ್ಲೇ. ಒಳಗೆ ಒಂದು ಪುಟ್ಟ ಎಲ್ಇಡಿ ಇದೆ. ಎದುರಿಗೆ ಸ್ವಲ್ಪ ಬಾಗಿದ ಗಾಜು. ಗಾಜಿನ ಲೇಪ ಆ ಕೆಂಪು ಬೆಳಕನ್ನು ಮಾತ್ರ ನಿಮ್ಮ ಕಣ್ಣಿನ ಕಡೆ ತಿರುಗಿಸಿ ಕಳಿಸುತ್ತದೆ, ಉಳಿದ ಬೆಳಕನ್ನು ಹಾಗೇ ಬಿಡುತ್ತದೆ. ಆ ಬೆಳಕು ನೇರ ಸಮಾನಾಂತರವಾಗಿ ಬರುವುದರಿಂದ ಚುಕ್ಕೆ ಗಾಜಿನ ಮೇಲೆ ಇದೆ ಅನ್ನಿಸುವುದಿಲ್ಲ, ದೂರದಲ್ಲಿ ಗುರಿಯ ಹತ್ತಿರವೇ ತೇಲುತ್ತಿದೆ ಅನ್ನಿಸುತ್ತದೆ. ಹಾಗಾಗಿ ನೀವು ಗುರಿಯನ್ನೇ ನೋಡಬಹುದು, ಎರಡೂ ಕಣ್ಣು ಬಿಟ್ಟುಕೊಂಡೇ ನೋಡಬಹುದು. ಚುಕ್ಕೆ ಎಲ್ಲಿ ಕೂತಿದೆಯೋ ಗುಂಡು ಅಲ್ಲಿಗೆ. ತಲೆ ಸ್ವಲ್ಪ ಆಚೀಚೆ ಆದರೂ ಚುಕ್ಕೆ ಗುರಿ ಬಿಟ್ಟು ಜಾಸ್ತಿ ಕದಲುವುದಿಲ್ಲ. ಸ್ವಲ್ಪವೂ ಕದಲುವುದಿಲ್ಲ ಅಂತ ಜಾಹೀರಾತಿನವರು ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ, ಚುಕ್ಕೆ ಗಾಜಿನ ಅಂಚಿಗೆ ಹೋದಾಗ ಸ್ವಲ್ಪ ವ್ಯತ್ಯಾಸ ಆಗಿಯೇ ಆಗುತ್ತದೆ.

ಈ ಉಪಾಯ ಹೊಸದೇನೂ ಅಲ್ಲ. ಡಬ್ಲಿನ್‌ನಲ್ಲಿ ದೂರದರ್ಶಕ ತಯಾರಿಸುತ್ತಿದ್ದ ಹೋವರ್ಡ್ ಗ್ರಬ್ 1900ರಲ್ಲೇ ಇದರ ಮೂಲ ಕಂಡುಹಿಡಿದಿದ್ದ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಬ್ಯಾಟರಿಯ ರೆಡ್ ಡಾಟ್ ಮಾರುಕಟ್ಟೆಗೆ ತಂದಿತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆ ಎಂ68 ಅನ್ನುವ ಹೆಸರಿನಲ್ಲಿ ಅದೇ ಕಂಪನಿಯ ರೆಡ್ ಡಾಟನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡಿತು.

ಈಗ ಇವತ್ತಿನ ಮುಖ್ಯ ಭಾಗಕ್ಕೆ ಬರೋಣ. ನನ್ನ ಜೊತೆ ಬಂದಿರುವ ಅಣ್ಣ ಸಾಗರದ ಕಡೆಯವರು, ಐವತ್ತು ದಾಟಿದ್ದಾರೆ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಮಾಡಿಸಿದ ಕೋವಿ ಇರುತ್ತದಲ್ಲ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಲ್ಲ, ಅದನ್ನು ನೋಡಿಕೊಂಡೇ ಬೆಳೆದವರು. ಆ ಕೋವಿಗೆ ಮೂತಿಯ ಹತ್ತಿರ ಒಂದು ಹಿತ್ತಾಳೆ ಮಣಿ ಇರುತ್ತದೆ ಅಷ್ಟೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಹೊಡೆಯುತ್ತಾರಲ್ಲ, ಅಲ್ಲೂ ಅಷ್ಟೇ, ಕಣ್ಣು, ಮಣಿ, ಕಾಯಿ. ಅಲ್ಲಿ ಹೊಡೆಯುವವರ ಕೈ ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ.

ಅಣ್ಣ ರೆಡ್ ಡಾಟ್ ಇರುವ ರೈಫಲ್ ಭುಜಕ್ಕೆ ಕೊಟ್ಟು ನೋಡಿದ ಕೂಡಲೇ ಹೇಳಿದ್ದು ಇದು.

"ಅಲ್ಲ ಮಾರಾಯ, ಚುಕ್ಕೆ ಅಂದ್ಯಲ್ಲ, ಇಲ್ಲಿ ನೋಡಿದ್ರೆ ದಾಳಿಂಬೆ ಕಾಳು ಹಿಸುಕಿದ ಹಾಗಿದೆ. ಬಾಲ ಬೇರೆ ಇದೆ."

"ಬೆಳಕು ಕಡಿಮೆ ಮಾಡಿ ನೋಡಿ ಅಣ್ಣ."

"ಮಾಡ್ದೆ. ಕಾಳು ಸಣ್ಣ ಆಯ್ತು, ಬಾಲ ಹಾಗೇ ಇದೆ."

ಇದು ಅಸ್ಟಿಗ್ಮ್ಯಾಟಿಸಂ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಅಂಕಿ ಇದ್ದರೆ ನಿಮಗೂ ಇದೆ. ಕಣ್ಣಿನ ಮುಂಭಾಗ ಎಲ್ಲ ಕಡೆ ಒಂದೇ ಸಮ ಬಾಗಿಲ್ಲದಿದ್ದರೆ ಬೆಳಕಿನ ಚುಕ್ಕೆ ಹರಡಿಕೊಳ್ಳುತ್ತದೆ. ರಾತ್ರಿ ಎದುರಿನ ಕಾರಿನ ಹೆಡ್‌ಲೈಟ್‌ಗೆ ಮುಳ್ಳು ಬಂದ ಹಾಗೆ ಕಾಣುವುದೂ ಎಷ್ಟೋ ಸಲ ಇದರಿಂದಲೇ. ಎಷ್ಟೋ ಜನ ಸೈಟ್ ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡುತ್ತಾರೆ, ಇನ್ನೂ ದುಬಾರಿಯದ್ದು ತರುತ್ತಾರೆ, ಅದರಲ್ಲೂ ಅದೇ ಬಾಲ.

ಸೈಟ್‌ನದ್ದಾ, ಕಣ್ಣಿನದ್ದಾ ಅಂತ ತಿಳಿಯಲು ಸುಲಭದ ದಾರಿ ಇದೆ. ರೈಫಲ್ ಖಾಲಿ ಇದೆ ಅಂತ ನೋಡಿಕೊಂಡು, ಮೇಜಿನ ಮೇಲೆ ಇಟ್ಟು, ಕಣ್ಣಿನ ಜಾಗದಲ್ಲಿ ಫೋನ್ ಹಿಡಿದು ಚುಕ್ಕೆಯ ಫೋಟೋ ತೆಗೆಯಿರಿ. ಇದು ನಾವು ಈಗ ತೆಗೆದದ್ದು. ನೋಡಿ, ಫೋಟೋದಲ್ಲಿ ಗುಂಡಗೆ, ಅಚ್ಚುಕಟ್ಟಾಗಿದೆ. ಅಂದರೆ ಸೈಟ್ ಸರಿಯಿದೆ. ಇನ್ನೊಂದು ದಾರಿ, ರೆಡ್ ಡಾಟ್‌ನ ಹಿಂದೆ ಮಡಚುವ ಐರನ್ ಸೈಟ್ ಇದ್ದರೆ ಅದನ್ನು ಎತ್ತಿ, ತೂತಿನ ಮೂಲಕ ಚುಕ್ಕೆ ನೋಡಿ. ಅಣ್ಣ ಹಾಗೆ ನೋಡಿದಾಗ ಬಾಲ ಮಾಯ! ಮುಷ್ಟಿಯ ಸಂದಿಯಲ್ಲಿ ಕ್ಯಾಲೆಂಡರ್ ನೋಡಿದಿರಲ್ಲ, ಅದೇ ಲೆಕ್ಕ.

ಇಂಥ ಕಣ್ಣಿನವರಿಗೆ ಕೆಲವು ದಾರಿಗಳಿವೆ. ಸಿಲಿಂಡರ್ ಪವರ್ ಸರಿಯಾಗಿರುವ ಕನ್ನಡಕ ಹಾಕಿಕೊಂಡು ನೋಡುವುದು ಮೊದಲನೆಯದು, ಕೆಲವರಿಗೆ ಅಷ್ಟರಲ್ಲೇ ಮುಗಿಯುತ್ತದೆ. ಹಸಿರು ಚುಕ್ಕೆ ಕೆಲವರಿಗೆ ಒಗ್ಗುತ್ತದೆ. ಅದೂ ಆಗದಿದ್ದರೆ ಪ್ರಿಸಂ ಸೈಟ್. ಅದರಲ್ಲಿ ಗುರುತನ್ನು ಗಾಜಿನ ಮೇಲೆಯೇ ಕೊರೆದಿರುತ್ತಾರೆ, ನಿಮ್ಮ ಕಣ್ಣಿಗೆ ತಕ್ಕ ಹಾಗೆ ಫೋಕಸ್ ತಿರುಗಿಸಿಕೊಳ್ಳಬಹುದು, ಬ್ಯಾಟರಿ ಸತ್ತರೂ ಕಪ್ಪು ಗುರುತು ಉಳಿದಿರುತ್ತದೆ. ಆದರೆ ಕಣ್ಣನ್ನು ಸರಿಯಾದ ದೂರದಲ್ಲೇ ಇಡಬೇಕು, ರೆಡ್ ಡಾಟ್‌ನಷ್ಟು ಸಲೀಸಲ್ಲ.

ಬ್ಯಾಟರಿ ಬಗ್ಗೆ ಜನ ಸುಮ್ನೆ ಜಾಸ್ತಿ ಹೆದರುತ್ತಾರೆ. ಈಗಿನ ಒಳ್ಳೆಯ ರೆಡ್ ಡಾಟ್‌ಗಳು ಸಿಆರ್2032 ಅನ್ನುವ ಒಂದು ನಾಣ್ಯದಾಕಾರದ ಸೆಲ್‌ನಲ್ಲಿ ಮಧ್ಯಮ ಬೆಳಕಿಗೆ ಇಟ್ಟರೆ 50,000 ಗಂಟೆ ಉರಿಯುತ್ತವೆ ಅಂತ ಕಂಪನಿಗಳು ಹೇಳುತ್ತವೆ. ವರ್ಷಕ್ಕೆ 8,760 ಗಂಟೆ, ಲೆಕ್ಕ ಹಾಕಿ, ಐದು ವರ್ಷ ದಾಟುತ್ತದೆ. ಆದರೂ ಹುಟ್ಟುಹಬ್ಬಕ್ಕೊಂದು ಸಲ ಬದಲಾಯಿಸಿ. ಸೆಲ್‌ಗೆ ಕೊಡುವ ದುಡ್ಡು ಏನೂ ಅಲ್ಲ. ನನ್ನನ್ನು ಜಾಸ್ತಿ ಕಾಡುವುದು ಗಾಜು. ಟೆಕ್ಸಾಸ್ ಬೇಸಿಗೆಯಲ್ಲಿ ಎಸಿ ಕಾರಿನಿಂದ ರೈಫಲ್ ಹೊರಗೆ ತೆಗೆದ ಕೂಡಲೇ ಗಾಜಿನ ಮೇಲೆ ಹಬೆ ಕೂರುತ್ತದೆ. ಎಲ್ಇಡಿ ಬಯಲಾಗಿರುವ ಮಾದರಿಗಳಲ್ಲಿ ಅದರ ಮೇಲೆ ಒಂದು ಹನಿ ನೀರು ಬಿದ್ದರೂ ಚುಕ್ಕೆ ಕೆದರಿಹೋಗುತ್ತದೆ. ಕೊಳವೆಯ ಹಾಗೆ ಪೂರ್ತಿ ಮುಚ್ಚಿರುವುದನ್ನೇ ತಗೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಜೀರೋ ಮಾಡುವುದು. ಅಂದರೆ ನೋಡಿದ ಕಡೆಗೇ ಗುಂಡು ಬೀಳುವ ಹಾಗೆ ಸೈಟ್ ಕೂರಿಸುವುದು. 50 ಗಜದಲ್ಲಿ ಕಾಗದ ಹಾಕಿದ್ದೇವೆ. 5.56ಕ್ಕೆ ಇದು ಅನುಕೂಲದ ದೂರ, ಇಲ್ಲಿ ಸರಿಮಾಡಿದರೆ ಸುಮಾರು 200 ಗಜದಲ್ಲೂ ಗುಂಡು ಮತ್ತೆ ಅದೇ ಗೆರೆಗೆ ಬರುತ್ತದೆ. ಮರಳು ಚೀಲದ ಮೇಲೆ ರೈಫಲ್ ಒರಗಿಸಿ, ಅವಸರ ಮಾಡದೆ ಮೂರು ಗುಂಡು. ಮೂರೂ ಒಂದೇ ಕಡೆ ಗುಂಪಾಗಿ, ನಡುವಿನಿಂದ ಎರಡು ಇಂಚು ಕೆಳಗೆ ಬಿದ್ದಿವೆ. ಈ ರೆಡ್ ಡಾಟ್‌ನಲ್ಲಿ ಒಂದು ಕ್ಲಿಕ್‌ಗೆ 100 ಗಜದಲ್ಲಿ ಅರ್ಧ ಇಂಚು, ಅಂದರೆ 50 ಗಜದಲ್ಲಿ ಕಾಲು ಇಂಚು. ಹಾಗಾಗಿ ಮೇಲಿನ ಸ್ಕ್ರೂ, ಬಾಣದ ಗುರುತು ಇರುವ ಕಡೆಗೆ, ಎಂಟು ಕ್ಲಿಕ್. ಬೆರಳಿಗೇ ಟಿಕ್ ಟಿಕ್ ಅಂತ ತಿಳಿಯುತ್ತದೆ. ಮತ್ತೆ ಮೂರು ಗುಂಡು ಹೊಡೆದು ನೋಡಿ.

ಐರನ್ ಸೈಟ್‌ನಲ್ಲಿ ಇದೇ ಕೆಲಸಕ್ಕೆ ತಲೆ ಸ್ವಲ್ಪ ಓಡಿಸಬೇಕು. ಹಿಂದಿನ ತೂತನ್ನು ಎಲ್ಲಿಗೆ ಸರಿಸುತ್ತೀರೋ ಗುಂಡೂ ಅಲ್ಲಿಗೆ ಹೋಗುತ್ತದೆ. ಮುಂದಿನ ಕಡ್ಡಿ ಮಾತ್ರ ಉಲ್ಟಾ. ಗುಂಡು ಕೆಳಗೆ ಬೀಳುತ್ತಿದ್ದರೆ ಕಡ್ಡಿಯನ್ನು ಇನ್ನೂ ಕೆಳಗಿಳಿಸಬೇಕು. ಯಾಕೆ? ಕಡ್ಡಿ ಕೆಳಗೆ ಹೋದಾಗ ಅದನ್ನು ಗುರಿಗೆ ತರಲು ನೀವು ಮೂತಿಯನ್ನು ಮೇಲೆತ್ತುತ್ತೀರಿ. ಅಣ್ಣನಿಗೆ ಇದು ಒಂದೇ ಸಲಕ್ಕೆ ಹೊಳೆಯಿತು.

ಮನೆ ರಕ್ಷಣೆಗೆ ಅಂತ ತಗೊಳ್ಳುವವರು ಇದನ್ನು ಗಮನವಿಟ್ಟು ಕೇಳಿ. ಎಆರ್‌ನಲ್ಲಿ ಸೈಟ್ ನಳಿಗೆಯ ನಡುವಿನಿಂದ ಎರಡೂವರೆ ಇಂಚಿಗೂ ಸ್ವಲ್ಪ ಎತ್ತರದಲ್ಲಿದೆ. 50 ಗಜಕ್ಕೆ ಜೀರೋ ಮಾಡಿದ ರೈಫಲ್ 10 ಗಜದಲ್ಲಿ ಸುಮಾರು ಎರಡು ಇಂಚು ಕೆಳಗೆ ಹೊಡೆಯುತ್ತದೆ. ಐರನ್ ಆದರೂ ಅಷ್ಟೇ, ರೆಡ್ ಡಾಟ್ ಆದರೂ ಅಷ್ಟೇ. ಹತ್ತಿರದ ಗುರಿಗೆ ಅಷ್ಟು ಮೇಲೆ ಹಿಡಿಯುವುದನ್ನು ರೇಂಜ್‌ನಲ್ಲೇ ರೂಢಿ ಮಾಡಿಕೊಳ್ಳಬೇಕು.

ಎರಡನ್ನೂ ಒಟ್ಟಿಗೆ ಹಾಕಬಹುದಾ ಅಂದರೆ, ಧಾರಾಳವಾಗಿ ಹಾಕಬಹುದು. ನನ್ನ ರೈಫಲ್‌ನಲ್ಲಿ ಇರುವುದೂ ಹಾಗೇ. ಪೂರ್ತಿ ಮುಚ್ಚಿದ ರೆಡ್ ಡಾಟ್, ಅದರ ಹಿಂದೊಂದು ಮುಂದೊಂದು ಮಡಚುವ ಐರನ್ ಸೈಟ್. ರೆಡ್ ಡಾಟನ್ನು ಸ್ವಲ್ಪ ಎತ್ತರದ ಮೌಂಟ್ ಮೇಲೆ ಕೂರಿಸಿದರೆ ಐರನ್ ಸೈಟ್ ಗಾಜಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಕಾಣುತ್ತದೆ, ನೋಟಕ್ಕೆ ಅಡ್ಡ ಬರುವುದಿಲ್ಲ. ಹೊಸಬರು ಕಡ್ಡಿಯ ತುದಿಯ ಮೇಲೆ ಚುಕ್ಕೆಯನ್ನು ಕೂರಿಸಲು ಒದ್ದಾಡುತ್ತಾರೆ. ಅದರ ಅಗತ್ಯವೇ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ಜೀರೋ ಮಾಡಿ, ಒಂದು ಸಲಕ್ಕೆ ಒಂದನ್ನೇ ಬಳಸಿ.

ಹಾಗಾದರೆ ಯಾರು ಏನು ತಗೊಳ್ಳಬೇಕು? ಮೂವತ್ತರ ಒಳಗಿದ್ದು, ಕಣ್ಣು ಸರಿಯಿದ್ದು, ಶೂಟಿಂಗನ್ನು ಆಟವಾಗಿ ಕಲಿಯುವ ಆಸೆ ಇದ್ದರೆ ಮೊದಲು ಐರನ್ ಸೈಟ್‌ನಲ್ಲೇ ಹೊಡೆಯಿರಿ. ಉಳಿಯುವ ದುಡ್ಡಿಗೆ ಗುಂಡು ತಗೊಳ್ಳಿ. ಮನೆ ರಕ್ಷಣೆಗೆ ಆದರೆ, ಕತ್ತಲಲ್ಲಿ ಗಾಬರಿಯಲ್ಲಿ ಮೂರು ವಸ್ತು ಸಾಲು ಹಿಡಿಸುವುದು ಕಷ್ಟ, ರೆಡ್ ಡಾಟೇ ಸರಿ. ನಲವತ್ತು ದಾಟಿದವರಿಗೂ ನಾನು ರೆಡ್ ಡಾಟ್ ಅನ್ನುತ್ತೇನೆ, ಆದರೆ ಅಂಗಡಿಯಲ್ಲಿ ಕಣ್ಣಿಗೆ ಹಿಡಿದು ನೋಡಿದ ಮೇಲೆಯೇ. ಆನ್‌ಲೈನ್‌ನಲ್ಲಿ ವಿಮರ್ಶೆ ಓದಿ ತರಿಸಬೇಡಿ, ಬರೆದವನ ಕಣ್ಣು ನಿಮ್ಮದಲ್ಲ.

ಅಣ್ಣ ಮೂರನ್ನೂ ನೋಡಿದರು. ಸಂಜೆ ಅಂಗಡಿಯಲ್ಲಿ ಪ್ರಿಸಂ ಸೈಟ್ ಹಿಡಿದು, ಫೋಕಸ್ ತಿರುಗಿಸಿ ತಿರುಗಿಸಿ, "ಈಗ ಬಾಲ ಇಲ್ಲ ಮಾರಾಯ, ಇದೇ ಇರಲಿ" ಅಂದರು. ಅದನ್ನು ಜೀರೋ ಮಾಡುವುದು ಮುಂದಿನ ವಿಡಿಯೋದಲ್ಲಿ. ನೀವು ಫೋನ್‌ನಲ್ಲಿ ಚುಕ್ಕೆಯ ಫೋಟೋ ತೆಗೆದಿದ್ದರೆ, ಬರಿಗಣ್ಣಿಗೆ ಹೇಗೆ ಕಂಡಿತು, ಫೋಟೋದಲ್ಲಿ ಹೇಗೆ ಬಂತು ಅಂತ ಕೆಳಗೆ ಬರೆಯಿರಿ. ಸಿಲಿಂಡರ್ ಅಂಕಿ ಎಷ್ಟಿದೆ ಅನ್ನುವುದನ್ನೂ ಹಾಕಿ, ಯಾವ ಸೈಟ್ ಹೊಂದಬಹುದು ಅಂತ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ.