ಒಂದು ಗೇಣಿನ ತೆರಿಗೆ

ನಮಸ್ಕಾರ. ಇವತ್ತು ಸ್ಕೋಡಾ ಕಂಪೆನಿಯ ಕೈಲಾಕ್ ಎಂಬ ಚಿಕ್ಕ ಎಸ್‌ಯುವಿ ಬಗ್ಗೆ ಮಾತಾಡಬೇಕು. ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾಗುವ, ಭಾರತದ ಪೇಟೆಗೆಂದೇ ರೂಪಿಸಿದ ಗಾಡಿ ಇದು. ಹೆಸರಿಡಲು ಕಂಪೆನಿ ಜನರನ್ನೇ ಕೇಳಿತ್ತು, ಗೆದ್ದ ಹೆಸರು ಹೋದದ್ದು ನಮ್ಮ ಕಾಸರಗೋಡಿನಿಂದ. 2024ರ ಆಗಸ್ಟಿನಲ್ಲಿ ಆ ಸುದ್ದಿ ಕೇಳಿ ನನಗೆ ನಿಜಕ್ಕೂ ಖುಷಿಯಾಗಿತ್ತು. ಹಾಗಿರುವಾಗ ಈ ಗಾಡಿಯನ್ನು ನಮ್ಮ ಗುಡ್ಡೆ, ನಮ್ಮ ದಾರಿ ನೋಡಿಯೇ ಅಳೆಯುವ ಹಕ್ಕೂ ನಮಗುಂಟು.

ಉದ್ದದಿಂದಲೇ ಶುರು ಮಾಡುವ. ಕೈಲಾಕ್ 3,995 ಮಿಲಿಮೀಟರ್. ಅದೇ ಕಂಪೆನಿಯ ಕುಶಾಕ್ 2021ರಲ್ಲಿ ಬಂದಾಗ 4,225. ಎರಡರ ಅಡಿಪಾಯವೂ ಒಂದೇ, ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್ ಎರಡರಲ್ಲೂ ಸಿಗುತ್ತದೆ. ಉದ್ದದಲ್ಲಿ ವ್ಯತ್ಯಾಸ 230 ಮಿಲಿಮೀಟರ್, ಅಂದರೆ ಒಂದು ಗೇಣು. ಆ ಒಂದು ಗೇಣಿಗೆ ಜಿಎಸ್‌ಟಿ ಎಷ್ಟು ಏರುತ್ತದೆ ಗೊತ್ತುಂಟಾ? 2025ರ ಸೆಪ್ಟೆಂಬರ್ 22ರಿಂದ ಗಿಡ್ಡ ಗಾಡಿಗೆ ಶೇಕಡಾ 18, ಉದ್ದದ್ದಕ್ಕೆ 40. ಅದಕ್ಕೆ ಮೊದಲು ಸೆಸ್ ಸೇರಿ 29 ಮತ್ತು 45 ಇತ್ತು. ತೆರಿಗೆ ಇಳಿಯಿತು ಎಂದು ಎಲ್ಲರೂ ಹೇಳಿದರು. ಇಳಿದದ್ದು ಹೌದು, ಆದರೆ ಎರಡರ ನಡುವಿನ ಅಂತರ 16ರಿಂದ 22ಕ್ಕೆ ಹಿಗ್ಗಿತು.

ಗಿಡ್ಡ, ಉದ್ದ ಎಂದು ಬೇರೆ ಮಾಡುವ ಈ ಗೆರೆ ಎಳೆದದ್ದು 2006ರ ಬಜೆಟ್ಟಿನಲ್ಲಿ. ನಾಲ್ಕು ಮೀಟರಿನೊಳಗಿನ ಕಾರು, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಎಂಜಿನ್, ಇಷ್ಟಿದ್ದರೆ ಆಗಿನ ಅಬಕಾರಿ ಸುಂಕ ಶೇಕಡಾ 24ರ ಬದಲು 16. ಅಲ್ಲಿಂದ ಇಲ್ಲಿಯವರೆಗೆ ಕಾರಿನ ಕಂಪೆನಿಗಳು ಗೆರೆಗೆ ಸರಿಯಾಗಿ ಕಾರು ಕತ್ತರಿಸುತ್ತಾ ಬಂದವು. ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ ಇಲ್ಲಿಗೆ ಬರುವಾಗ 3,999 ಮಿಲಿಮೀಟರಿಗೆ ಇಳಿದಿತ್ತು. ಹುಂಡೈ ವೆನ್ಯೂ ಅಮೆರಿಕದಲ್ಲಿ 4,040, ನಮ್ಮಲ್ಲಿ 3,995. ಬ್ರೆಝಾ 3,995. ನೆಕ್ಸಾನ್ 3,995. ಸೋನೆಟ್ 3,995. ಬೇರೆ ಬೇರೆ ದೇಶಗಳ ಕಂಪೆನಿಗಳು, ಬೇರೆ ಬೇರೆ ಎಂಜಿನಿಯರುಗಳು, ಬಂದು ನಿಂತದ್ದು ಮಾತ್ರ ಒಂದೇ ಮಿಲಿಮೀಟರಿನಲ್ಲಿ. ಒಂದು ನಿಯಮಕ್ಕೆ ಎಷ್ಟು ತಾಕತ್ತು ಉಂಟು ಅಂತ ಇದಕ್ಕಿಂತ ಚೆನ್ನಾಗಿ ಯಾರು ತೋರಿಸಿಯಾರು?

ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಗೆ ಬನ್ನಿ. ಎರಡೂ ಬದಿ ಮುರಕಲ್ಲಿನ ಪಾಗಾರ, ಅಂದರೆ ಕಾಂಪೌಂಡ್ ಗೋಡೆ, ನಡುವೆ ತೋಟಕ್ಕೆ ಇಳಿಯುವ ದಾರಿ. ಅಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವುದು ಉದ್ದದಿಂದಲ್ಲ, ಅಗಲದಿಂದ. ಕುಶಾಕ್ ಅಗಲ 1,760, ಕೈಲಾಕ್ 1,783. ತೆರಿಗೆಯ ಲೆಕ್ಕದಲ್ಲಿ ಚಿಕ್ಕದಾದ ಗಾಡಿಯೇ ನಮ್ಮ ಪಾಗಾರಗಳ ನಡುವೆ ದೊಡ್ಡದು! ಅಂಗಳದಲ್ಲಿ ತಿರುಗಿಸುವಾಗ ಗಿಡ್ಡ ಗಾಡಿ ಸುಲಭ, ಅದನ್ನು ಒಪ್ಪುತ್ತೇನೆ. 189 ಮಿಲಿಮೀಟರಿನ ನೆಲದಂತರವೂ ನಮ್ಮ ಗುಂಡಿಗಳಿಗೆ ಸಾಕು. ಆದರೆ ಇದು ಮುಂದಿನ ಚಕ್ರಗಳು ಮಾತ್ರ ಎಳೆಯುವ ಗಾಡಿ. ಐದು ಜನ ಕೂತು, ಡಿಕ್ಕಿಯಲ್ಲಿ ಅಡಿಕೆ ಗೋಣಿ ಇಟ್ಟು, ಆಟಿಯ ಮಳೆಯಲ್ಲಿ ಪಾಚಿಗಟ್ಟಿದ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರುತ್ತದೆ, ಎಳೆಯಬೇಕಾದ ಚಕ್ರವೇ ಹಗುರಾಗುತ್ತದೆ. ಈ ಗಾತ್ರದ ಹೆಚ್ಚಿನ ಎಸ್‌ಯುವಿಗಳ ಕಥೆಯೂ ಇದೇ. ಎತ್ತರ ನೋಡಿ ಜೀಪು ಅಂದುಕೊಳ್ಳಬೇಡಿ ಮಾರಾಯ್ರೆ.

ಇಷ್ಟಾದರೂ ನಾನು ಈ ಗಾಡಿಯ ಪರ. ಯಾಕೆ ಹೇಳುತ್ತೇನೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಭಾರತದ ಐದು ಜನಪ್ರಿಯ ಕಾರುಗಳನ್ನು ಗುದ್ದಿಸಿ ನೋಡಿದರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಭಾರತಕ್ಕೆಂದು ಮಾಡಿದ ಕಾರು ಅಂದರೆ ಆಗ ಅದೇ ಅರ್ಥ ಇತ್ತು. 2025ರ ಜನವರಿಯಲ್ಲಿ ನಮ್ಮ ದೇಶದ್ದೇ ಗುದ್ದಿಸುವ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಕೈಲಾಕ್‌ಗೆ ಸಿಕ್ಕಿದ್ದು ಐದು ನಕ್ಷತ್ರ. ದೊಡ್ಡವರ ರಕ್ಷಣೆಗೆ 32ರಲ್ಲಿ 30.88, ಮಕ್ಕಳ ರಕ್ಷಣೆಗೆ 49ರಲ್ಲಿ 45. ಆರು ಏರ್‌ಬ್ಯಾಗ್ ಎಲ್ಲಕ್ಕಿಂತ ಕೆಳಗಿನ ಮಾದರಿಯಲ್ಲೂ ಇದೆ.

ಆದರೆ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಕಂಪೆನಿಯ ಇಚ್ಛೆಗೆ ಬಿಟ್ಟದ್ದು. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುತ್ತೇವೆ ಎಂದು ಕೇಂದ್ರ 2022ರಲ್ಲಿ ಕರಡು ತಂದಿತು, ಒಂದು ವರ್ಷ ಮುಂದೂಡಿತು, ಕೊನೆಗೆ 2023ರಲ್ಲಿ ಕೈಬಿಟ್ಟಿತು. ಗಾಡಿ ಎಷ್ಟು ಉದ್ದ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ತೆರಿಗೆ ಬಿಡುವ ಸರಕಾರ, ಒಳಗೆ ಕೂತವರು ಬದುಕಿ ಉಳಿಯುತ್ತಾರಾ ಎಂಬುದನ್ನು ಆ ತೆರಿಗೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ.

ಯಾಕೆಂದರೆ ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಹೆದ್ದಾರಿ ಆರು ಪಥವಾಯಿತು. ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಮಂಗಳೂರಿಗೆ ಓಡುವ ನಾವೆಲ್ಲ ಅದೇ ರಸ್ತೆಯವರು. ಮೊದಲು 60ರಲ್ಲಿ ಹೋಗುತ್ತಿದ್ದಲ್ಲಿ ಈಗ 90ರಲ್ಲಿ ಹೋದರೆ, ಗುದ್ದಿದಾಗಿನ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ರಸ್ತೆ ಬದಲಾದ ಮೇಲೆ ಹಳೆಯ ಕಾರಿನ ತಗಡೂ ಹಳೆಯ ಧೈರ್ಯವೂ ಸಾಲುವುದಿಲ್ಲ.

ನನ್ನ ಬೇಡಿಕೆ ಇಷ್ಟೆ: ಶೇಕಡಾ 18ರ ತೆರಿಗೆ ಬೇಕಾದರೆ ಉದ್ದ, ಸಿಸಿ ಜೊತೆಗೆ ಭಾರತ್ ಎನ್‌ಕ್ಯಾಪ್‌ನ ಗುದ್ದಿಸುವ ಪರೀಕ್ಷೆಯೂ ಕಡ್ಡಾಯವಾಗಲಿ, ಕನಿಷ್ಠ ನಾಲ್ಕು ನಕ್ಷತ್ರ ಬರಲಿ. ಬೆಲೆ ಏರುತ್ತದೆ ಅಂತ ಕಂಪೆನಿಗಳು ಹೇಳುತ್ತವೆ. ಕೈಲಾಕ್ ಬಿಡುಗಡೆಯಾದಾಗ ಶುರುವಿನ ಶೋರೂಂ ಬೆಲೆ 7.89 ಲಕ್ಷ, ಅದರಲ್ಲೇ ಆರು ಏರ್‌ಬ್ಯಾಗ್ ಬಂದಿತ್ತಲ್ಲ? ಐದು ಮಿಲಿಮೀಟರ್ ಬಿಟ್ಟು ಗೆರೆಗೆ ತಾಗಿ ನಿಲ್ಲಬಲ್ಲ ಎಂಜಿನಿಯರುಗಳಿಗೆ ಇದು ಆಗದ ಕೆಲಸವಲ್ಲ, ಎರಡು ವರ್ಷ ಸಮಯ ಕೊಟ್ಟರೆ ಸಾಕು.

ಇದು ತೀರ್ಮಾನವಾಗಬೇಕಾದ್ದು ಜಿಎಸ್‌ಟಿ ಕೌನ್ಸಿಲಿನಲ್ಲಿ. ಅಲ್ಲಿ ಕೇರಳದ ಮಂತ್ರಿಗೂ ಕುರ್ಚಿ ಉಂಟು, ಕರ್ನಾಟಕದ ಮಂತ್ರಿಗೂ ಉಂಟು. ಗಡಿಯಲ್ಲಿರುವ ನಮಗೆ ಎರಡೂ ಕಡೆ ನೆಂಟರು, ಎರಡೂ ಕಡೆ ಮತದಾರರು ಗೊತ್ತು. ಮಂಜೇಶ್ವರ, ಕಾಸರಗೋಡಿನ ಶಾಸಕರಿಗೆ ನಾನು ಪತ್ರ ಬರೆಯುತ್ತಿದ್ದೇನೆ. ಮಂಗಳೂರು, ಪುತ್ತೂರು ಕಡೆಯವರು ನಿಮ್ಮ ಶಾಸಕರಿಗೆ ಬರೆಯಿರಿ.