ಮೊದಲ ಗುಳ್ಳೆ ಎದ್ದು ಎಷ್ಟು ಗಂಟೆಯಾಯಿತು?

ಕೇಳುಗರಿಗೆ ನಮಸ್ಕಾರ. ದೊಡ್ಡವರಿಗೆ ಚಿಕನ್‌ಪಾಕ್ಸ್ ಬಂದರೆ, ಮನೆಮಾತಿನಲ್ಲಿ ‘ಅಮ್ಮ ಬಂದಿದೆ’ ಅನ್ನುತ್ತೇವಲ್ಲ, ಆಗ ವೈದ್ಯರು ವೈರಸ್ ತಡೆಯುವ ದುಬಾರಿ ಮಾತ್ರೆ ಬರೆಯಬೇಕೇ? ಬೆಲೆಯ ಮಾತು ಆಮೇಲೆ. ಮೊದಲ ಗುಳ್ಳೆ ಎದ್ದು ಎಷ್ಟು ಗಂಟೆಯಾಯಿತು, ಅದನ್ನು ಹೇಳಿ. 24 ಗಂಟೆಯೊಳಗಾದರೆ ಬರೆಯಲಿ.

ಅಮೆರಿಕದ ಸ್ಯಾನ್ ಡಿಯಾಗೊ ನೌಕಾಪಡೆ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ನಡೆಯಿತು. ಫಲಿತಾಂಶ ಪ್ರಕಟವಾದದ್ದು 1992ರಲ್ಲಿ. ಚಿಕನ್‌ಪಾಕ್ಸ್ ಬಂದ ಸೈನಿಕರಲ್ಲಿ ಕೆಲವರಿಗೆ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಪೊಳ್ಳು ಮಾತ್ರೆ. ಮೊದಲ ದಿನವೇ ಔಷಧ ಶುರುಮಾಡಿದವರ ಗುಳ್ಳೆಗಳೆಲ್ಲ ಹಕ್ಕಳೆಗಟ್ಟಲು ಸರಾಸರಿ 5.6 ದಿನ ಸಾಕಾಯಿತು, ಪೊಳ್ಳು ಮಾತ್ರೆಯವರಿಗೆ 7.4 ದಿನ ಬೇಕಾಯಿತು. ಎರಡನೇ, ಮೂರನೇ ದಿನ ಶುರುಮಾಡಿದವರಿಗೋ? ಏನೂ ಲಾಭವಿಲ್ಲ. ಅದೇ ಮಾತ್ರೆ, ಅದೇ ಪ್ರಮಾಣ!

ಕಾರಣ ಸರಳ. ಈ ಔಷಧ ವೈರಸ್ ತನ್ನ ನಕಲು ಮಾಡಿಕೊಳ್ಳುವುದನ್ನು ತಡೆಯುತ್ತದೆ, ಅಷ್ಟೇ. ಎದ್ದ ಗುಳ್ಳೆಯನ್ನು ಅಳಿಸುವುದಿಲ್ಲ. ಬೇವಿನ ಸೊಪ್ಪು ಹಾಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಹಾಸಿ ನಾಲ್ಕು ದಿನ ಕಾದು, ಐದನೇ ದಿನ ‘ಒಳ್ಳೇ ಮಾತ್ರೆ ಬರೀರಿ’ ಎಂದರೆ ದುಡ್ಡು ದಂಡ.

ದೊಡ್ಡವರಿಗೆ ಸಾಮಾನ್ಯವಾಗಿ ಬರೆಯುವುದು 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಒಟ್ಟು 35 ಸಲ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಗೋಡೆಗೆ ಬರೆದು ಅಂಟಿಸಿ. ‘ಊಟವಾದ ಮೇಲೆ ಮೂರು ಹೊತ್ತು’ ಎಂಬ ರೂಢಿ ಇಲ್ಲೇ ಕೆಡಿಸುವುದು. ನೀರು ಚೆನ್ನಾಗಿ ಕುಡಿಯಿರಿ, ಕಡಿಮೆಯಾದರೆ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ಹೇಳಬೇಕು, ಪ್ರಮಾಣ ಇಳಿಸಬೇಕಾಗುತ್ತದೆ. ವಾಲಸೈಕ್ಲೋವಿರ್ ಎಂಬ ಇನ್ನೊಂದು ಮಾತ್ರೆ ದಿನಕ್ಕೆ ಮೂರೇ ಸಲ, ಬೆಲೆ ಹೆಚ್ಚು. ದೇಹದೊಳಗೆ ಹೋದರೆ ಅದೂ ಅಸೈಕ್ಲೋವಿರ್ರೇ. ಅಸೈಕ್ಲೋವಿರ್ ಅಂತೂ ಜೆನೆರಿಕ್ ಆಗಿ ಸಿಗುತ್ತದೆ, ಕೇಳಿ ಪಡೆಯಿರಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಗರ್ಭಿಣಿಯರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರು, ಉಬ್ಬಸ ಶುರುವಾದವರು ಗಂಟೆ ಎಣಿಸುತ್ತ ಕೂರಬಾರದು. ಎಷ್ಟನೇ ದಿನವಾದರೂ ಸರಿ, ನೇರ ಆಸ್ಪತ್ರೆಗೆ. ಅಲ್ಲಿ ಬೇಕಾದರೆ ರಕ್ತನಾಳಕ್ಕೇ ಕೊಡುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್ ಬೇಡ, ಐಬುಪ್ರೊಫೆನ್ನೂ ಬೇಡ. ಕೊನೆಯ ಗುಳ್ಳೆ ಹಕ್ಕಳೆಗಟ್ಟುವವರೆಗೆ ಬಸುರಿಯರ, ಹಸುಗೂಸುಗಳ ಹತ್ತಿರ ಸುಳಿಯಬೇಡಿ. ನಮಸ್ಕಾರ.