ಕ್ರೀಡಾಂಗಣಕ್ಕೆ ಹೋಗುವ ದಾರಿ

ಸ್ನೇಹಿತರೇ,

ನೆದರ್ಲೆಂಡ್ಸ್ ದೇಶದ ಫ್ರೀಸ್ಲಾಂಡ್ ಪ್ರಾಂತ್ಯದಲ್ಲಿ ಒಂದು ಸ್ಪರ್ಧೆ ಇದೆ. ಇದೆ ಎನ್ನಬೇಕೋ, ಇತ್ತು ಎನ್ನಬೇಕೋ ನನಗೆ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಕಾಲುವೆ, ಕೆರೆಗಳು ಹೆಪ್ಪುಗಟ್ಟಿದಾಗ ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಹನ್ನೊಂದು ಊರುಗಳನ್ನು ಹಾದು, ಸುಮಾರು 200 ಕಿಲೋಮೀಟರ್ ದೂರವನ್ನು ಒಂದೇ ದಿನದಲ್ಲಿ ಕ್ರಮಿಸಬೇಕು. ಸಾವಿರಾರು ಜನರ ಭಾರ ಹೊರಬೇಕಾದ್ದರಿಂದ ಮಂಜುಗಡ್ಡೆ ದಾರಿಯುದ್ದಕ್ಕೂ 15 ಸೆಂಟಿಮೀಟರ್ ದಪ್ಪ ಇರಲೇಬೇಕು. ಅದಕ್ಕೆಂದೇ ಗೊತ್ತುಮಾಡಿದ ಜನ ತಮ್ಮ ತಮ್ಮ ಭಾಗದಲ್ಲಿ ಮಂಜುಗಡ್ಡೆಗೆ ತೂತು ಕೊರೆದು, ಅಳತೆ ಕೋಲು ಇಳಿಸಿ ನೋಡುತ್ತಾರೆ. 1909ರಿಂದ ಈ ಸ್ಪರ್ಧೆ ನಡೆದಿರುವುದು 15 ಬಾರಿ. ಕೊನೆಯದು 1997ರ ಜನವರಿ 4ರಂದು. 2012ರ ಫೆಬ್ರವರಿಯಲ್ಲಿ ಇಡೀ ದೇಶ ಉಸಿರು ಬಿಗಿಹಿಡಿದು ಕಾದಿತ್ತು. ದಕ್ಷಿಣದ ಭಾಗದಲ್ಲಿ ಮಂಜುಗಡ್ಡೆ ಸಾಕಷ್ಟು ಗಟ್ಟಿಯಾಗಲಿಲ್ಲ, ಸ್ಪರ್ಧೆ ನಡೆಯಲಿಲ್ಲ. 1997ರ ನಂತರ ಹುಟ್ಟಿದ ಮಕ್ಕಳು ದೊಡ್ಡವರಾಗಿ ಕೆಲಸಕ್ಕೂ ಸೇರಿದ್ದಾರೆ. ತಮ್ಮ ನಾಡಿನ ಅತಿ ದೊಡ್ಡ ಕ್ರೀಡಾ ಹಬ್ಬವನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

ಹಾಗಾದರೆ ಅಲ್ಲಿನ ಸ್ಕೇಟರ್‌ಗಳು ಏನು ಮಾಡುತ್ತಾರೆ? ಸುಮಾರು ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ ಆಸ್ಟ್ರಿಯದ ವೈಸೆನ್‌ಸೇ ಎಂಬ ಬೆಟ್ಟದ ಕೆರೆಗೆ ಹೋಗುತ್ತಾರೆ. ಅದೇ 200 ಕಿಲೋಮೀಟರ್ ದೂರವನ್ನು ಅಲ್ಲಿ ಸುತ್ತು ಹಾಕಿ ಪೂರೈಸುತ್ತಾರೆ. ಅವರ ಹಂಬಲವನ್ನು ನಾನು ತಪ್ಪೆನ್ನಲಾರೆ. ಆದರೆ ಈ ಚಿತ್ರ ನನ್ನನ್ನು ಬಹಳ ಕಾಡಿದೆ. ಇಂಧನ ಸುಟ್ಟು ಸುಟ್ಟು ಮಂಜುಗಡ್ಡೆಯನ್ನು ಕಳೆದುಕೊಂಡೆವು. ಈಗ ಅದನ್ನು ಹುಡುಕಿಕೊಂಡು ಹೋಗಲು ಇನ್ನಷ್ಟು ಇಂಧನ ಸುಡುತ್ತಿದ್ದೇವೆ. ಕ್ರೀಡಾಲೋಕ ಸಿಕ್ಕಿಕೊಂಡಿರುವ ಗಂಟು ಇದೇ.

ಬಿಸಿಲಿನ ಕಡೆಗೆ ಬರೋಣ. 2019ರ ಸೆಪ್ಟೆಂಬರ್ 27ರಂದು ದೋಹಾದಲ್ಲಿ ವಿಶ್ವ ಅಥ್ಲೆಟಿಕ್ಸ್ ಕೂಟದ ಮಹಿಳೆಯರ ಮ್ಯಾರಥಾನ್ ಮಧ್ಯರಾತ್ರಿಯ ಹೊತ್ತಿಗೆ ಶುರುವಾಯಿತು. ಆ ಹೊತ್ತಿನಲ್ಲೂ ಉಷ್ಣಾಂಶ 30 ಡಿಗ್ರಿ ದಾಟಿತ್ತು, ಗಾಳಿಯಲ್ಲಿ ತೇವ ತುಂಬಿತ್ತು. ಓಡಲು ನಿಂತವರು 68 ಮಂದಿ, ಗುರಿ ಮುಟ್ಟಿದವರು 40. ಉಳಿದವರಲ್ಲಿ ಕೆಲವರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕಾಯಿತು. ದೋಹಾ ಮರುಭೂಮಿಯ ಊರು, ಅಲ್ಲಿ ಸೆಕೆ ಹೊಸದಲ್ಲ ಎಂಬುದು ನಿಜ. ಆದರೆ ಮುಂದೇನಾಯಿತು ನೋಡಿ. ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಬಿಸಿಲಿನ ಭಯದಿಂದ 800 ಕಿಲೋಮೀಟರ್ ಉತ್ತರಕ್ಕೆ, ತಂಪಾದ ಊರೆಂದು ಹೆಸರಾದ ಸಪ್ಪೊರೊಗೆ ಒಯ್ದರು. ಅಲ್ಲಿಯೂ ಸೆಕೆ ಬಿಡಲಿಲ್ಲ. ಮಹಿಳೆಯರ ಓಟವನ್ನು ಬೆಳಿಗ್ಗೆ 7ರ ಬದಲು 6ಕ್ಕೇ ಶುರುಮಾಡುವುದಾಗಿ ಹಿಂದಿನ ಸಂಜೆ ಪ್ರಕಟಿಸಿದರು.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಬೆವರು ಸುರಿದರೆ ಮೈ ತಂಪಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಬೆವರು ಆರಿದರೆ ಮಾತ್ರ ತಂಪು. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಆರದೆ ತೊಟ್ಟಿಕ್ಕುತ್ತದೆ, ಶಾಖ ಒಳಗೇ ಉಳಿಯುತ್ತದೆ. ವಿಜ್ಞಾನಿಗಳು ಅಂಕಿಗಳಲ್ಲಿ ಹೇಳುವುದನ್ನು ಆಟಗಾರರು ಮೈಯಲ್ಲಿ ಅನುಭವಿಸುತ್ತಾರೆ. ಆದ್ದರಿಂದ ಅವರ ಮಾತಿಗೆ ಬೇರೆಯೇ ತೂಕ ಇದೆ. ತಜ್ಞರ ವರದಿ ಓದದವರೂ ನೆಚ್ಚಿನ ಆಟಗಾರ ಹೇಳಿದ್ದನ್ನು ಕೇಳುತ್ತಾರೆ.

ಸರಿ, ಮಾಡಬೇಕಾದದ್ದೇನು? ಪಂದ್ಯಕ್ಕೊಂದು ಗಿಡ ನೆಡುವುದು, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸುವುದು, ಚಾವಣಿಗೆ ಸೌರಫಲಕ ಹಾಕುವುದು ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಹೊಗೆಯ ದೊಡ್ಡ ಪಾಲು ಕ್ರೀಡಾಂಗಣದ ಒಳಗಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಪ್ಯಾರಿಸ್ ಒಲಿಂಪಿಕ್ಸ್ ಅನ್ನೇ ನೋಡಿ. ಅಲ್ಲಿನ ಶೇ 95ರಷ್ಟು ಅಂಗಣಗಳು ಮೊದಲೇ ಇದ್ದವು ಅಥವಾ ತಾತ್ಕಾಲಿಕವಾಗಿ ಕಟ್ಟಿದವು. ಲಂಡನ್ ಮತ್ತು ರಿಯೊ ಕೂಟಗಳ ಸರಾಸರಿಗೆ ಹೋಲಿಸಿದರೆ ಭೂಮಿಯನ್ನು ಬಿಸಿಮಾಡುವ ಅನಿಲಗಳ ಹೊರಸೂಸುವಿಕೆ ಅರ್ಧಕ್ಕಿಂತ ಹೆಚ್ಚು ತಗ್ಗಿತು ಎಂದು ಸಂಘಟಕರು ಲೆಕ್ಕ ಕೊಟ್ಟರು. ದೊಡ್ಡ ಸಾಧನೆ. ಆದರೂ ಉಳಿದದ್ದರಲ್ಲಿ ಹೆಚ್ಚಿನ ಪಾಲು ಜನರ ಪ್ರಯಾಣದ್ದೇ ಆಗಿತ್ತು.

ಅಂದರೆ ಗಿಡ ನೆಡುವವರ ಕೈಗಿಂತ ವೇಳಾಪಟ್ಟಿ ಬರೆಯುವವರ ಕೈಯಲ್ಲಿ ಹೆಚ್ಚು ಶಕ್ತಿ ಇದೆ. ಜರ್ಮನಿಯಲ್ಲಿ ನಡೆದ 2024ರ ಯೂರೊ ಫುಟ್‌ಬಾಲ್‌ನಲ್ಲಿ ಗುಂಪು ಹಂತದ ಪಂದ್ಯಗಳನ್ನು ಹತ್ತಿರದ ನಗರಗಳಲ್ಲೇ ಇರುವಂತೆ ಜೋಡಿಸಲು ಯತ್ನಿಸಿದರು. ಪಂದ್ಯದ ಟಿಕೆಟ್ ಇದ್ದವರಿಗೆ ಸ್ಥಳೀಯ ಬಸ್, ಮೆಟ್ರೊಗಳಲ್ಲಿ 36 ಗಂಟೆ ಉಚಿತ ಪ್ರಯಾಣ ಸಿಕ್ಕಿತು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗಲಿಲ್ಲ. ಇನ್ನೊಂದು ಕಡೆ, ಫುಟ್‌ಬಾಲ್ ವಿಶ್ವಕಪ್ 2026ಕ್ಕೆ 64 ಪಂದ್ಯಗಳಿಂದ 104ಕ್ಕೆ ಬೆಳೆಯಿತು. 2030ರದ್ದನ್ನು ಮೂರು ಖಂಡಗಳ ಆರು ದೇಶಗಳಿಗೆ ಹಂಚಲಾಗಿದೆ. ಇದು ತಪ್ಪು ದಿಕ್ಕು ಎಂದು ಕ್ರೀಡೆಯನ್ನು ಪ್ರೀತಿಸುವವರೇ ಗಟ್ಟಿಯಾಗಿ ಹೇಳಬೇಕು.

ಇನ್ನೆರಡು ಮಾತು ಜೆರ್ಸಿಯ ಮೇಲಿನ ಪ್ರಾಯೋಜಕರ ಹೆಸರಿನ ಬಗ್ಗೆ. 1996ರ ಕ್ರಿಕೆಟ್ ವಿಶ್ವಕಪ್‌ಗೆ ವಿಲ್ಸ್ ಎಂಬ ಸಿಗರೇಟಿನ ಹೆಸರಿತ್ತು. ಇಂದು ಯಾವ ತಂದೆತಾಯಿಯೂ ಅದನ್ನು ಒಪ್ಪುವುದಿಲ್ಲ. ತಂಬಾಕಿನ ಹಣವಿಲ್ಲದೆ ಆಟ ಬದುಕದು ಎಂದು ಆಗ ಹೆದರಿದವರಿದ್ದರು, ಆಟ ಬದುಕಿತು. 2024ರ ಅಕ್ಟೋಬರ್‌ನಲ್ಲಿ 24 ದೇಶಗಳ ನೂರಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರ್ತಿಯರು, ಸೌದಿಯ ತೈಲ ಕಂಪನಿ ಅರಾಮ್ಕೊ ಜೊತೆಗಿನ ಒಪ್ಪಂದವನ್ನು ಕೈಬಿಡುವಂತೆ ಫಿಫಾಕ್ಕೆ ಬಹಿರಂಗ ಪತ್ರ ಬರೆದರು. ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಬ್ರಿಟನ್ನಿನ ಓಟಗಾರ್ತಿ ಇನೆಸ್ ಫಿಟ್ಜ್‌ಜೆರಾಲ್ಡ್ 2023ರಲ್ಲಿ, ಇನ್ನೂ ಹದಿಹರೆಯದಲ್ಲೇ, ಆಸ್ಟ್ರೇಲಿಯದ ವಿಶ್ವ ಕ್ರಾಸ್‌ಕಂಟ್ರಿ ಕೂಟಕ್ಕೆ ವಿಮಾನ ಹತ್ತಲು ಮನಸ್ಸು ಒಪ್ಪದು ಎಂದು ತನ್ನ ಆಯ್ಕೆಯನ್ನು ಪರಿಗಣಿಸಬಾರದೆಂದು ಕೇಳಿಕೊಂಡಳು. ಅವಳನ್ನು ನಾವು ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಅಷ್ಟು ಎಳೆಯ ಹೆಗಲ ಮೇಲೆ ಆ ಆಯ್ಕೆಯ ಭಾರ ಬೀಳಬಾರದಿತ್ತು. ಅದನ್ನು ಹೊರಬೇಕಾದವರು ಕೂಟಗಳನ್ನು ಹಂಚುವ ಒಕ್ಕೂಟಗಳು. 2018ರಲ್ಲಿ ವಿಶ್ವಸಂಸ್ಥೆ ಕ್ರೀಡಾ ಸಂಸ್ಥೆಗಳಿಗಾಗಿ ಹವಾಮಾನ ಒಡಂಬಡಿಕೆಯೊಂದನ್ನು ರೂಪಿಸಿತು. 2030ರ ಹೊತ್ತಿಗೆ ಹೊರಸೂಸುವಿಕೆ ಅರ್ಧಕ್ಕೆ ಇಳಿಯಬೇಕು, 2040ಕ್ಕೆ ನಿವ್ವಳ ಶೂನ್ಯ, ಅಂದರೆ ಹೊರಬಿಟ್ಟಷ್ಟನ್ನೂ ವಾತಾವರಣದಿಂದ ಹಿಂತೆಗೆಯುವ ಸ್ಥಿತಿ, ಮುಟ್ಟಬೇಕು ಎಂಬುದು ಅದರ ಗುರಿ. ಸಹಿ ಹಾಕಿದವರು ಬಹಳ. ನಿಮ್ಮ ಆಟದ ಒಕ್ಕೂಟ ಅದರಲ್ಲಿದ್ದರೆ, ಪ್ರತಿ ವರ್ಷದ ಲೆಕ್ಕ ಎಲ್ಲಿ ಎಂದು ಕೇಳಿ.

ಇಲ್ಲಿ ತರಬೇತುದಾರರಿದ್ದೀರಿ, ಸಂಘಟಕರಿದ್ದೀರಿ, ದೈಹಿಕ ಶಿಕ್ಷಕರಿದ್ದೀರಿ. ಮುಂದಿನ ಋತುವಿನ ವೇಳಾಪಟ್ಟಿಯ ಸಭೆಗೆ ಹೋಗುವಾಗ ಒಂದು ನಕ್ಷೆ ತೆಗೆದುಕೊಂಡು ಹೋಗಿ. ಯಾವ ತಂಡ ಎಷ್ಟು ದೂರ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸಿ. ಎರಡು ಪ್ರಯಾಣಗಳನ್ನು ಒಂದಾಗಿಸಲು ಸಾಧ್ಯವಿರುವಲ್ಲಿ ಅಲ್ಲೇ ತಿದ್ದಿಸಿ. ಎಷ್ಟು ಸೆಕೆಗೆ ಮಕ್ಕಳ ಆಟ ನಿಲ್ಲಿಸಬೇಕು ಎಂಬ ನಿಯಮವನ್ನೂ ಅದೇ ಸಭೆಯಲ್ಲಿ ಬರೆದುಕೊಂಡು ಬನ್ನಿ.